ಚೂರಾದ ಡಿಸ್ಕು, ಅತ್ತೆಯ ರಿಜಿಸ್ಟರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಅಲ್ಲಿಯವರೆಗೆ ಬರಲು ಅದಕ್ಕೂ ಒಂದಿಷ್ಟು ಹೊತ್ತು ಬೇಕು. ಆ ಶುಕ್ರವಾರ ಮಾತ್ರ ಫೋನು ಕೆಳಗಿಡುವ ಮೊದಲೇ ಬಂದು ಕೂತಿತ್ತು.

ಫೋನು ಮಾಡಿದವಳು ಫಿಸಿಯೋಥೆರಪಿ ಓದುವ ಹುಡುಗಿ. ಅವಳಿಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಅವಳ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು ನನ್ನ ಕೆಲಸ. ಸಂಬಳದ್ದಲ್ಲ, ನಾನೇ ಒಪ್ಪಿಕೊಂಡದ್ದು. ಮೂಳೆ, ಸ್ನಾಯುಗಳ ಮೇಲಿನ ಹತ್ತೊಂಬತ್ತು ಪಾಠಗಳ ದಪ್ಪ ಪುಸ್ತಕದಲ್ಲಿ ಹದಿನಾಲ್ಕು ಪಾಠ ಕಳಿಸಿಯಾಗಿತ್ತು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕನೇ ಪಾಠದಲ್ಲಿ ನೀವು ಅಲ್ಲಲ್ಲಿ ಮಾತು ನುಂಗಿಬಿಟ್ಟಿದ್ದೀರ. ಮಂಡಿಚಿಪ್ಪಿನ ಕೆಳಗೆ ಏನಿದೆ ಅಂತ ಶುರು ಮಾಡಿ, ಸೀದಾ ಹಿಮ್ಮಡಿಗೆ ಬಂದುಬಿಟ್ರಿ."

"ನಾನಾ? ನಾನು ನುಂಗ್ತೀನಾ?"

"ನೀವೇ ಒಂದ್ಸಲ ಕೇಳಿ ನೋಡಿ ಅಕ್ಕ. ಪರೀಕ್ಷೆ ಹತ್ತಿರ ಬಂತು. ಒಂದೊಂದು ಪಾಠಾನೂ ಎರಡೆರಡು ಸಲ ಕೇಳದಿದ್ರೆ ನನಗೆ ತಲೆಗೆ ಹೋಗಲ್ಲ. ಮುಂದಿನ ವಾರ ಶನಿವಾರ ಸಂಜೆಯೊಳಗೆ ಎಲ್ಲಾ ಸಿಕ್ಕಿದ್ರೆ ಸಾಕು."

ಸಿಗದಿದ್ದರೆ ಏನಾಗುತ್ತದೆ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನನಗೆ ಗೊತ್ತಿತ್ತು. ಆಸ್ಪತ್ರೆಯೊಂದರಲ್ಲಿ ಅವಳಿಗಾಗಿ ಒಂದು ಕೆಲಸ ಕಾದಿತ್ತು, ಈ ಸಲ ಪಾಸಾದರೆ ಮಾತ್ರ. ಇದೊಂದು ಪೇಪರ್ ಹೋಯಿತೋ, ಮುಂದಿನ ವರ್ಷ ಮತ್ತೆ ಕೂರಬೇಕು. ಕೆಲಸವೇನು ಅಲ್ಲಿಯವರೆಗೆ ಇವಳಿಗಾಗಿ ಕಾಯುತ್ತದೆಯೇ?

ನಾನು ಓದುವುದು ಬಟ್ಟೆಯ ಬೀರುವಿನೊಳಗೆ ತಲೆ ಹಾಕಿಕೊಂಡು. ನಗಬೇಡಿ. ಬೀರುವಿನ ಎರಡೂ ಬಾಗಿಲು ತೆರೆದು, ಕೋಟು ಸ್ವೆಟರುಗಳ ನಡುವೆ ಮೈಕು ನಿಲ್ಲಿಸಿ, ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತರೆ ಕೋಣೆಯ ಪ್ರತಿಧ್ವನಿ ಬರುವುದಿಲ್ಲ. ಒಂದು ಪಾಠಕ್ಕೆ ಒಂದೂವರೆ ಗಂಟೆ ಹೀಗೆ ಬೆವರು ಸುರಿಸಿ ಓದಿದವಳು ನಾನು. ಮಾತು ನುಂಗುತ್ತೇನಂತೆ! ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಯ್ಯೋ, ನಿಜ! ಹತ್ತು ಹನ್ನೆರಡು ಪದ ಇರಬೇಕಾದ ಕಡೆ ಟಕ್ ಎಂದು ಒಂದು ಸದ್ದು, ಆಮೇಲೆ ಬೇರೆಯೇ ಮಾತು. ನಾನು ಓದಿದ್ದು ಖಂಡಿತ. ಕಂಪ್ಯೂಟರು ಬರೆದುಕೊಂಡಿರಲಿಲ್ಲ, ಅಷ್ಟೇ.

ಮಾರನೆಯ ದಿನ ಕಂಪ್ಯೂಟರ್ ಅಂಗಡಿಯವರನ್ನು ಕರೆಸಿದೆ. ಏನು ಕೇಳಿದರೂ "ಆಗುತ್ತೆ ಬಿಡಿ" ಎನ್ನುವುದರಿಂದ ಇಡೀ ಬೀದಿಯಲ್ಲಿ ಅವರಿಗೆ ಆಗುತ್ತೆಬಿಡಿ ಎಂದೇ ಹೆಸರು. ಅವರು ಕಂಪ್ಯೂಟರಿನ ಪೆಟ್ಟಿಗೆಗೆ ಕಿವಿ ಕೊಟ್ಟರು. ಒಳಗೆ ಕಿರಕಿರ ಎಂದು ಸದ್ದು.

"ಕೇಳಿಸ್ತಾ? ಇದು ಹಳೇ ಕಾಲದ ಡಿಸ್ಕು, ತಟ್ಟೆ ಥರ ತಿರುಗುತ್ತೆ, ಮೇಲೊಂದು ಮುಳ್ಳು ಓಡಾಡುತ್ತೆ. ಒಂದು ಫೈಲು ಒಂದೇ ಕಡೆ ಇದ್ರೆ ಮುಳ್ಳಿಗೆ ಸುಲಭ. ನಿಮ್ಮದರಲ್ಲಿ ಜಾಗ ತುಂಬಿಹೋಗಿದೆ. ಒಂದೊಂದು ಫೈಲೂ ಸಾವಿರ ಚೂರಾಗಿ, ಸಿಕ್ಕಸಿಕ್ಕ ಸಂದಿಯಲ್ಲಿ ಬಿದ್ದಿದೆ. ನೀವು ಮಾತಾಡ್ತಾ ಇರ್ತೀರ, ಅದು ಬರೆಯೋಕೆ ಜಾಗ ಹುಡುಕ್ತಾ ಇರುತ್ತೆ. ಅಷ್ಟರಲ್ಲಿ ನಾಲ್ಕು ಮಾತು ಗಾಳಿಗೆ ಹೋಗುತ್ತೆ."

ಬಾಗಿಲ ಬಳಿ ಕೂತು ಬಟಾಣಿ ಸುಲಿಯುತ್ತಿದ್ದ ನಮ್ಮ ಅತ್ತೆ ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತರು.

"ಇದು ರೆಕಾರ್ಡ್ ರೂಮೇ ಕಣಪ್ಪ! ಒಂದು ಕಡತದ ಹಾಳೆಗಳನ್ನ ಹತ್ತು ಕಪಾಟಿನಲ್ಲಿ ತುರುಕಿದಾರೆ. ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದೋರಿಗೆ ಮೆಮೊ ಕೊಡ್ತಿದ್ವಿ."

ಅತ್ತೆ ಮೂವತ್ನಾಲ್ಕು ವರ್ಷ ಒಂದು ಕಚೇರಿಯ ರೆಕಾರ್ಡ್ ರೂಮು ನೋಡಿಕೊಂಡವರು. ನಿವೃತ್ತಿಯಾಗಿ ಆರು ವರ್ಷವಾದರೂ ನಮ್ಮ ಮನೆಯ ಬೇಳೆ ಡಬ್ಬಿಗಳ ಮೇಲೆ ಇವತ್ತಿಗೂ ತೆರೆದ ದಿನಾಂಕದ ಚೀಟಿ ಇರುತ್ತದೆ. ಅಂಥವರ ಕಿವಿಗೆ ಇಂಥ ಮಾತು ಬಿದ್ದರೆ ಸುಮ್ಮನಿರುತ್ತಾರೆಯೇ?

ಆಗುತ್ತೆಬಿಡಿ ಎರಡು ಕೆಲಸ ಹೇಳಿದರು. ಮೊದಲನೆಯದು, ಚೂರುಗಳನ್ನೆಲ್ಲ ಒಟ್ಟುಗೂಡಿಸುವ ಡಿಫ್ರ್ಯಾಗ್ ಎಂಬ ಕಾರ್ಯಕ್ರಮ ಓಡಿಸಿ, ಮುಗಿಯುವವರೆಗೆ ಕಂಪ್ಯೂಟರು ಮುಟ್ಟದಿರುವುದು. ಎರಡನೆಯದು, ಡಿಸ್ಕಿನ ಮೇಲೆ ಯಾರು ಬರೆಯುತ್ತಿದ್ದಾರೆ ಎಂದು ಕಾವಲು ಕೂರುವುದು.

"ನಾನು ಹೋದ ಸಲ ಬಂದು ನೋಡಿ ಎರಡೇ ತಿಂಗಳು. ಅಷ್ಟರಲ್ಲಿ ಇಷ್ಟು ತುಂಬಿದೆ ಅಂದ್ರೆ, ಯಾವುದೋ ಒಂದು ಸಾಫ್ಟ್‌ವೇರು ನಿಮ್ಮ ಕಣ್ಣು ತಪ್ಪಿಸಿ ಬರೀತಾ ಇದೆ. ಇಗೋ, ಈ ಕಿಟಕಿ ತೆರೆದಿಟ್ಟಿರಿ. ಯಾರು, ಎಷ್ಟು ಗಂಟೆಗೆ, ಎಲ್ಲಿ ಬರೆದ್ರು ಅಂತ ಸಾಲು ಸಾಲಾಗಿ ತೋರಿಸುತ್ತೆ. ಕಳ್ಳ ಸಿಗ್ತಾನೆ. ಆಗುತ್ತೆ ಬಿಡಿ."

ಅವರಿಗೆ ಇನ್ನೂ ಮೂರು ಮನೆ ಇತ್ತು, ಹೊರಟುಹೋದರು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಡಿಫ್ರ್ಯಾಗ್ ಓಡಿತು. ತೆರೆಯ ತುಂಬ ಸಣ್ಣ ಸಣ್ಣ ಚೌಕಗಳು. ಚೂರಾದವು ಕೆಂಪು, ಒಟ್ಟಾದವು ನೀಲಿ. ಅತ್ತೆ ಟೀ ಲೋಟ ಹಿಡಿದು ಮುಂದೆ ಕೂತವರು ಏಳಲೇ ಇಲ್ಲ.

"ಹೋಗು, ಹೋಗು, ಅಲ್ಲೇ ನಿನ್ನ ಜಾಗ. ಶಭಾಷ್! ನೋಡೇ ಇಲ್ಲಿ, ಒಂದು ಸಾಲು ಪೂರ್ತಿ ನೀಲಿ!"

ನಮ್ಮವರಿಗೆ ಬೇಕರಿ ಕೆಲಸ. ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬಂದು ಮಲಗುತ್ತಾರೆ. ಅತ್ತೆಯ ಕೂಗಿಗೆ ಎದ್ದು ಬಂದು, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ತಾಯಿ ಮಗ ಇಬ್ಬರೂ ಬಾಯಿ ಬಿಟ್ಟುಕೊಂಡು ಚೌಕ ನೋಡುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನೂರರಲ್ಲಿ ನಲವತ್ತೊಂದು ಪಾಲು ಚೂರಾಗಿದ್ದದ್ದು ಮೂರಕ್ಕೆ ಇಳಿಯಿತು. ಅತ್ತೆ ಎಲ್ಲರಿಗೂ ಇನ್ನೊಂದು ಸುತ್ತು ಟೀ ಮಾಡಿದರು.

ಸೋಮವಾರ ಹದಿನಾಲ್ಕನೇ ಪಾಠವನ್ನು ಹೊಸದಾಗಿ ಓದಿದೆ. ಐದು ನಿಮಿಷ ಹಾಕಿ ಕೇಳಿದೆ. ಒಂದು ಅಕ್ಷರವೂ ಬಿಟ್ಟುಹೋಗಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ಅವತ್ತೇ ಕಳಿಸಿ, ಮಂಗಳವಾರ ಹದಿನೈದು, ಬುಧವಾರ ಹದಿನಾರು ಹದಿನೇಳು ಎರಡೂ ಓದಿದೆ.

ನಾನು ಬೀರುವಿನಲ್ಲಿರುವಷ್ಟು ಹೊತ್ತೂ ಕೋಣೆಯ ಆ ಕೊನೆಯಲ್ಲಿ ಅತ್ತೆ ಕಂಪ್ಯೂಟರಿನ ಮುಂದೆ ಕಾವಲು ಕೂರುತ್ತಿದ್ದರು. ಸುಮ್ಮನೆ ನೋಡುತ್ತಾ ಕೂರುವ ಪೈಕಿಯೇ ಅವರು? ದಪ್ಪ ರಟ್ಟಿನ ರಿಜಿಸ್ಟರ್ ಒಂದನ್ನು ತೆಗೆದು, ಅಡ್ಡ ಉದ್ದ ಗೆರೆ ಹಾಕಿ, ಕ್ರಮಸಂಖ್ಯೆ, ಸಮಯ, ಯಾರು, ಎಲ್ಲಿಗೆ, ಷರಾ ಎಂದು ಐದು ಅಂಕಣ ಮಾಡಿಕೊಂಡಿದ್ದರು. ತೆರೆಯ ಮೇಲೆ ದೊಡ್ಡ ಬರಹವೊಂದು ಕಾಣಿಸಿತೋ, ಗಂಟೆ ನಿಮಿಷ ಸೆಕೆಂಡು ಸಮೇತ ಗುಂಡು ಅಕ್ಷರದಲ್ಲಿ ದಾಖಲೆ. ನನ್ನ ರೆಕಾರ್ಡಿಂಗ್ ಶುರುವಾದ ಹೊತ್ತಿಗೂ ಒಂದು ಸಾಲು.

"ಅದೆಲ್ಲ ಕಂಪ್ಯೂಟರೇ ಬರೆದಿಟ್ಕೊಳ್ಳುತ್ತೆ ಅತ್ತೆ. ನಿಮಗ್ಯಾಕೆ ಕೈನೋವು?"

"ಕಳ್ಳನ ಮನೆಯಲ್ಲೇ ಕಳ್ಳನ ಲೆಕ್ಕ ಇಡೋಕಾಗುತ್ತಾ? ನೀನು ಓದಮ್ಮ."

ಗುರುವಾರ ಬೆಳಿಗ್ಗೆ ಹುಡುಗಿಯ ಫೋನು. ಅವಳ ದನಿ ಚಿಕ್ಕದಾಗಿತ್ತು.

"ಅಕ್ಕ, ಹದಿನಾಲ್ಕು ಕೇಳಿದೆ. ಮೊದಲು ಚೆನ್ನಾಗಿದೆ. ಆಮೇಲೆ ಮತ್ತೆ ಹಾಗೇ."

ಉಳಿದ ಮೂರು ಪಾಠಗಳನ್ನೂ ಅಲ್ಲಲ್ಲಿ ಹಾಕಿ ಕೇಳಿದೆ. ಎಲ್ಲದರಲ್ಲೂ ತೂತು. ಮೊದಲ ಐದು ನಿಮಿಷ ಮಾತ್ರ ಕೇಳಿ ಕುಣಿದಾಡಿದ್ದ ನನ್ನ ಬುದ್ಧಿಗೆ ಏನು ಹೇಳಲಿ! ಡಿಸ್ಕು ಮತ್ತೆ ಇಪ್ಪತ್ತೆರಡು ಪಾಲು ಚೂರಾಗಿತ್ತು. ನಾಲ್ಕು ಪಾಠ ಮತ್ತೆ ಓದಬೇಕು, ಹದಿನೆಂಟು ಹತ್ತೊಂಬತ್ತು ಇನ್ನೂ ಮುಟ್ಟಿಲ್ಲ, ಶನಿವಾರ ಸಂಜೆ ನಾಡಿದ್ದೇ. ಗಂಟಲು ಬುಧವಾರವೇ ಕಟ್ಟಿಕೊಂಡಿತ್ತು.

"ಯಾರವನು ಬರೀತಿರೋನು? ಕೈಗೆ ಸಿಗಲಿ, ಗ್ರಹಚಾರ ಬಿಡಿಸ್ತೀನಿ! ತನ್ನಿ ಅತ್ತೆ ನಿಮ್ಮ ರಿಜಿಸ್ಟರು!"

ಮೊದಲು ಸಿಕ್ಕಿದ್ದು ನಮ್ಮವರ ಫೋನು. ಒಂದೇ ಬ್ರೆಡ್ಡನ್ನು ಎಪ್ಪತ್ತು ಕೋನದಿಂದ ಹಿಡಿದ ಫೋಟೋಗಳು ಕಂಪ್ಯೂಟರಿಗೆ ತಾವಾಗಿಯೇ ಇಳಿಯುತ್ತಿದ್ದವು. ಅದನ್ನು ನಿಲ್ಲಿಸಿದೆ. ಆದರೆ ಅವು ಇಳಿಯುತ್ತಿದ್ದದ್ದು ಮಧ್ಯಾಹ್ನ ಅವರು ಮನೆಗೆ ಬಂದ ಮೇಲೆ, ನಾನು ಓದುತ್ತಿದ್ದದ್ದು ಬೆಳಿಗ್ಗೆ. ಎರಡನೆಯವನು ಕ್ಷಣಕ್ಷಣಕ್ಕೂ ಬರೆಯುತ್ತಿದ್ದ. ಆಗುತ್ತೆಬಿಡಿಗೆ ಫೋನು ಮಾಡಿ ಅವನ ಹೆಸರು ಓದಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದು ನಾನು ಹಾಕಿಕೊಟ್ಟ ಕಾವಲುಗಾರನೇ! ಯಾರು ಬರೆದ್ರು ಅಂತ ಬರೆದಿಡುತ್ತೆ. ಬರೆದಿಟ್ಟದ್ದನ್ನೂ ಯಾರೋ ಬರೆದ್ರು ಅಂತ ಬರೆಯುತ್ತೆ. ಅದರ ಪಟ್ಟಿಯನ್ನ ಪೆನ್‌ಡ್ರೈವಿಗೆ ಹಾಕಿಬಿಡಿ. ಆದ್ರೆ ಅದು ಚಿಲ್ಲರೆ ಬರಹ, ಅದರಿಂದ ಮಾತು ಹೋಗಲ್ಲ. ದೊಡ್ಡ ಕುಳ ಬೇರೆ ಇದೆ, ಹುಡುಕಿ."

ನಾನು ಅದನ್ನು ಪೆನ್‌ಡ್ರೈವಿಗೆ ಸಾಗಿಸುವಷ್ಟರಲ್ಲಿ ಅತ್ತೆ ರಿಜಿಸ್ಟರಿನ ಮೇಲೆ ಬೆರಳಿಟ್ಟುಕೊಂಡು ಕೆಳಗಿಳಿಯುತ್ತಿದ್ದರು. "ಹತ್ತು ಹದಿನೇಳು. ಹತ್ತು ಇಪ್ಪತ್ತೇಳು. ಹತ್ತು ಮೂವತ್ತೇಳು. ಇವನು ಸರಿಯಾಗಿ ಹತ್ತು ನಿಮಿಷಕ್ಕೊಂದು ಸಲ ಬರ್ತಾನೆ ಕಣೆ. ಬಂದ ಅಂದ್ರೆ ಅರ್ಧ ನಿಮಿಷ ಬಿಡದೆ ಬರೀತಾನೆ. ಎಲ್ಲಿಗೆ ಹಾಕ್ತಾನೆ ನೋಡೋಣ ತಾಳು." ಅವರು ಮೌಸು ಹಿಡಿದು ಒಂದರೊಳಗೊಂದು ಫೋಲ್ಡರ್ ತೆರೆಯುತ್ತಾ ಹೋದರು. ಕೊನೆಯದರ ಹೆಸರು ಕನ್ನಡದಲ್ಲಿತ್ತು. ಹೊರಹೋಗುವ ಕಾಗದಗಳ ನಕಲು.

ಅತ್ತೆಯ ಕೈ ಮೌಸಿನ ಮೇಲೆ ಹಾಗೇ ನಿಂತುಬಿಟ್ಟಿತು.

ಆಮೇಲೆ ಅವರು ಮೌಸು ಬಿಟ್ಟು, ಕೆಂಪು ಪೆನ್ನು ತೆಗೆದುಕೊಂಡು, ಷರಾ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ನಾನೇ' ಎಂದು ಬರೆದು ಸಹಿ ಹಾಕಿದರು.

ಆದದ್ದು ಇಷ್ಟು. ಎರಡು ತಿಂಗಳ ಹಿಂದೆ ಒಂದು ಪಾಠ ನನ್ನ ಕೈತಪ್ಪಿ ಅಳಿಸಿಹೋಗಿ, ನಾನು ಬೀರುವಿನ ಮುಂದೆ ಕೂತು ಅತ್ತಿದ್ದೆ. ಅವತ್ತು ಮಧ್ಯಾಹ್ನ ನಾನು ಮಲಗಿದ್ದಾಗ ಅತ್ತೆ ಕಂಪ್ಯೂಟರಿನಲ್ಲೇ ಇದ್ದ ನಕಲು ತೆಗೆಯುವ ಸಾಫ್ಟ್‌ವೇರನ್ನು ಹುಡುಕಿ, ನಕಲು ಬೀಳುವ ಫೋಲ್ಡರಿಗೆ ತಾವೇ ಆ ಹೆಸರು ಕೊಟ್ಟು, ಚಾಲೂ ಮಾಡಿದ್ದರು. ಎಷ್ಟು ಹೊತ್ತಿಗೊಮ್ಮೆ ಎಂದು ಅದು ಕೇಳಿತು, ಹತ್ತು ನಿಮಿಷ ಎಂದರು. ಹಳೆಯ ನಕಲುಗಳನ್ನು ಅಳಿಸಲೇ ಎಂದು ಕೇಳಿತು. ಮೂವತ್ನಾಲ್ಕು ವರ್ಷ ರೆಕಾರ್ಡ್ ರೂಮಿನಲ್ಲಿದ್ದವರು ಅದಕ್ಕೆ ಹೂಂ ಎನ್ನುತ್ತಾರೆಯೇ? ಎಲ್ಲವನ್ನೂ ಇಟ್ಟುಕೋ ಎಂದು ಒತ್ತಿದ್ದರು. ನಾನು ಓದುತ್ತಿರುವಾಗಲೇ, ಅಲ್ಲಿಯವರೆಗೆ ಓದಿದ್ದರ ಪೂರ್ತಿ ನಕಲು ಹತ್ತು ನಿಮಿಷಕ್ಕೊಂದು, ಎರಡು ತಿಂಗಳಿಂದ ಆ ಡಿಸ್ಕಿನ ಮೇಲೆ ರಾಶಿ ಬೀಳುತ್ತಿತ್ತು.

"ನಕಲು ತೆಗೆಯೋದನ್ನ ನಾನು ಬರಹ ಅಂತ ಅಂದ್ಕೊಂಡೇ ಇರಲಿಲ್ಲ ಕಣಮ್ಮ. ಕಾಗದ ಹೊರಗೆ ಹೋಗುತ್ತೆ ಅಂದ್ರೆ ನಕಲು ಇರಲೇಬೇಕು, ಅಷ್ಟೇ ಗೊತ್ತಿದ್ದದ್ದು."

ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ರೆಕಾರ್ಡ್ ರೂಮಿಗೆ ಬೆಂಕಿ ಬೀಳ! ನಾನು ಕೇಳಿದ್ನಾ ನಿಮ್ಮನ್ನ? ಆ ಹುಡುಗಿ ಫೇಲಾದ್ರೆ ಅದನ್ನೂ ಬರೆದಿಟ್ಕೊಳ್ಳಿ ನಿಮ್ಮ ರಿಜಿಸ್ಟರಿನಲ್ಲಿ!"

ಅಂದದ್ದೇ ನಾಲಿಗೆ ಕಚ್ಚಿಕೊಂಡೆ. ಅತ್ತೆ ಮೇಲಧಿಕಾರಿಯ ಮುಂದೆ ನಿಂತ ಗುಮಾಸ್ತೆಯ ಹಾಗೆ ಕೈ ಕಟ್ಟಿಕೊಂಡು ನಿಂತರು. ಆಮೇಲೆ ನಿಧಾನವಾಗಿ ಕೂತು, ಆ ನಕಲಿನ ಸಾಫ್ಟ್‌ವೇರನ್ನು ತಾವೇ ನಿಲ್ಲಿಸಿದರು. ಸೀಸದಕಡ್ಡಿ ತೆಗೆದುಕೊಂಡು ರಿಜಿಸ್ಟರಿನ ಅಂಚಿನಲ್ಲಿ ಏನೋ ಕೂಡಿ ಕಳೆಯುತ್ತಾ ಕೂತರು. ನಾನು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ. ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಕಾಲು ಗಂಟೆ ಬಿಟ್ಟು ಅತ್ತೆ ರಿಜಿಸ್ಟರ್ ಸಮೇತ ಅಲ್ಲಿಗೇ ಬಂದರು.

"ನಾಲ್ಕು ಪಾಠಾನೂ ಪೂರ್ತಿ ಓದೋದು ಬೇಡ. ಸೋಮವಾರ ನೀನು ಶುರು ಮಾಡಿದ್ದು ಹತ್ತು ಗಂಟೆ ಏಳು ನಿಮಿಷಕ್ಕೆ, ಅವನು ಬಂದದ್ದು ಹತ್ತು ಹದಿನೇಳಕ್ಕೆ. ಅಂದ್ರೆ ಹತ್ತನೇ ನಿಮಿಷದಲ್ಲಿ ತೂತು. ಆಮೇಲೆ ಇಪ್ಪತ್ತರಲ್ಲಿ. ಅವನು ಬರೆದಾಗ ಮಾತ್ರ ನಿನ್ನ ಮಾತು ಹೋಗಿರೋದು. ಪ್ರತಿ ಸಲ ಬಂದದ್ದೂ ನನ್ನ ಹತ್ರ ಇದೆ. ಒಟ್ಟು ಮೂವತ್ತಾರು ಜಾಗ. ಅಷ್ಟನ್ನೇ ಓದಿ ತುಂಬಿಸು."

ನಾನು ಬೆಪ್ಪಾಗಿ ನೋಡಿದೆ. ಹತ್ತನೇ ನಿಮಿಷಕ್ಕೆ ಹಾಕಿ ಕೇಳಿದೆ. ಟಕ್! ಇಪ್ಪತ್ತಕ್ಕೆ ಹಾಕಿದೆ. ಟಕ್! ನಡುವೆ ಎಲ್ಲಿ ಕೇಳಿದರೂ ಮಾತು ನೀರಿನ ಹಾಗೆ ಹರಿಯುತ್ತಿತ್ತು. ಆರು ಗಂಟೆ ಓದುವ ಬದಲು ಮೂವತ್ತಾರು ಸಲ ಒಂದೊಂದು ಪ್ಯಾರಾ ಓದಿದರೆ ಮುಗಿಯಿತು.

"ಅತ್ತೆ..." ಎಂದೆ.

"ಆಮೇಲೆ ಅತ್ತೆ ಅನ್ನು. ಈಗ ನಡಿ."

ಇಬ್ಬರೂ ಬೀರುವಿನೊಳಗೆ ತೂರಿಕೊಂಡೆವು. ಒಂದೇ ಸ್ಟೂಲಿನ ಮೇಲೆ ನಾನು ಅರ್ಧ, ಅವರು ಅರ್ಧ, ತಲೆಯ ಮೇಲೆ ನಮ್ಮವರ ಕೋಟಿನ ತೋಳು. ಅತ್ತೆ ರಿಜಿಸ್ಟರಿನಲ್ಲಿ ಹೊತ್ತು ನೋಡಿ, ಪುಸ್ತಕದಲ್ಲಿ ಸಾಲು ಹುಡುಕಿ, ಬೆರಳಿಟ್ಟು ತೋರಿಸುತ್ತಿದ್ದರು. ನಾನು ಓದುತ್ತಿದ್ದೆ. ಒಂದು ಮುಗಿದ ಕೂಡಲೇ ಅವರು ಅಲ್ಲೊಂದು ಗುರುತು ಹಾಕುತ್ತಿದ್ದರು. ಹದಿನೆಂಟನೆಯ ತೂತಿನ ಹೊತ್ತಿಗೆ ಕಾಲು ಜೋಮು ಹಿಡಿದು, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು. ಮಧ್ಯಾಹ್ನ ಮೂರಕ್ಕೆ ಮೂವತ್ತಾರೂ ಮುಗಿದವು.

ಇನ್ನು ಆ ಹಳೆಯ ನಕಲುಗಳನ್ನು ಅಳಿಸಬೇಕಿತ್ತು. ಅಳಿಸುವ ಮೊದಲು ಪಟ್ಟಿಯಾಗಬೇಕು, ಒಂದೆರಡನ್ನಾದರೂ ತೆಗೆದು ನೋಡಬೇಕು, ಇಲ್ಲದಿದ್ದರೆ ತಮಗೆ ನಿದ್ದೆ ಬರುವುದಿಲ್ಲ ಎಂದರು ಅತ್ತೆ. ಸರಿ, ಒಂದನ್ನು ತೆಗೆದರು. ನನ್ನದೇ ದನಿ, ಕಳಿಸುವ ಮೊದಲು ನಾನು ಕತ್ತರಿಸಿ ತೆಗೆದ ಭಾಗ. "ಥೂ, ಈ ಅತ್ತೆಗೆ ಪಾತ್ರೆ ಕುಟ್ಟೋಕೆ ಬೇರೆ ಹೊತ್ತೇ ಇಲ್ವಾ? ಬೇಕಂತಲೇ ಮಾಡ್ತಾರೆ!"

ನಾನು ಭೂಮಿಗಿಳಿದುಹೋದೆ. ಅತ್ತೆ ಮುಖದ ಒಂದು ಗೆರೆಯೂ ಅಲುಗದೆ ನನ್ನ ಕಡೆ ತಿರುಗಿದರು.

"ಇದನ್ನ ಇಡೋದಾ, ಅಳಿಸೋದಾ?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಮ್ಮವರು ನಿದ್ದೆಯಿಂದೆದ್ದು ಬಂದು, ಏನಾಯಿತು ಎಂದು ಇಬ್ಬರನ್ನೂ ಕೇಳಿ, ತಲೆ ಕೆರೆದುಕೊಂಡು ವಾಪಸ್ಸು ಹೋದರು. ಆಮೇಲೆ ಪ್ರತಿ ಪಾಠಕ್ಕೆ ಒಂದೇ ನಕಲು, ಅದೂ ಪಾಠ ಮುಗಿದ ಮೇಲೆ, ಅದೂ ಪೆನ್‌ಡ್ರೈವಿಗೆ ಎಂದು ತೀರ್ಮಾನವಾಯಿತು. ರಾತ್ರಿಗೆ ಡಿಫ್ರ್ಯಾಗ್ ಹಚ್ಚಿ ಮಲಗಿದೆವು. ಶುಕ್ರವಾರ ಹದಿನೆಂಟು ಓದಿದೆ, ಶನಿವಾರ ಹತ್ತೊಂಬತ್ತು. ಈ ಸಲ ಕೊನೆಯ ಮಾತಿನವರೆಗೂ ಕೂತು ಕೇಳಿ, ಸಂಜೆ ಐದಕ್ಕೆ ಎಲ್ಲವನ್ನೂ ಕಳಿಸಿದೆ.

ಪರೀಕ್ಷೆಯ ದಿನ ಮಧ್ಯಾಹ್ನ ಫೋನು ಬಂತು. ಪರೀಕ್ಷೆ ನಡೆದ ಕಟ್ಟಡದ ಮೆಟ್ಟಿಲ ಮೇಲಿಂದಲೇ ಮಾತಾಡುತ್ತಿದ್ದಳು, ಹಿಂದೆ ಗಲಾಟೆಯೋ ಗಲಾಟೆ. ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅಕ್ಕ, ಎಲ್ಲಾ ಬರೆಸಿದೆ! ಒಂದು ಪ್ರಶ್ನೆಯನ್ನೂ ಬಿಡಲಿಲ್ಲ! ಮಂಡಿಚಿಪ್ಪು ಬಂದೇಬಿಡ್ತು, ಹತ್ತು ಅಂಕದ್ದು!"

ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆ ಸುಮ್ಮನೆ ತಲೆಯಾಡಿಸುತ್ತಿದ್ದರು.

"ಅಕ್ಕ, ಒಂದು ಮಾತು ಕೇಳ್ಲಾ? ಹದಿನಾಲ್ಕರಿಂದ ಹದಿನೇಳರವರೆಗೆ ಕೆಲವು ಕಡೆ ನಿಮ್ಮ ಪಕ್ಕದಲ್ಲೇ ಇನ್ಯಾರೋ ಇದ್ರು. ಉಸಿರಾಟ ಕೇಳಿಸ್ತಿತ್ತು. ಆ ಜಾಗಗಳಲ್ಲಿ ನೀವು ಬೇರೆ ಥರ ಓದಿದೀರ, ನಿಧಾನವಾಗಿ, ಯಾರ ಹತ್ರಾನೋ ಒಪ್ಪಿಗೆ ತಗೊಂಡು ಓದೋ ಹಾಗೆ. ನನಗೆ ಅವೇ ಚೆನ್ನಾಗಿ ನೆನಪಿನಲ್ಲಿ ಉಳಿದಿದ್ದು. ಯಾರಕ್ಕ ಅವರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಫೋನಿನ ಕಡೆ ಬಗ್ಗಿದರು. "ನಾನು ಯಾರೂ ಅಲ್ಲಮ್ಮ. ಇವಳ ಅತ್ತೆ. ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಮೊದಲು ನಿನ್ನ ಪಾಠ ಕೆಡಿಸಿದವಳೂ ನಾನೇ."

ಗುರುವಾರದಿಂದ ಅವರು ಆ ತಪ್ಪನ್ನು ಹೊತ್ತುಕೊಂಡೇ ಓಡಾಡಿದ್ದರು ಎಂಬುದು ನನಗೆ ಆಗ ತಿಳಿಯಿತು. ನಾವು ಅಷ್ಟು ನಕ್ಕಿದ್ದೆವು, ಅಷ್ಟು ಟೀ ಕುಡಿದಿದ್ದೆವು, ನಾನು ಮಾತ್ರ ತಪ್ಪಾಯಿತು ಎಂದು ಒಂದು ಸಲವೂ ಹೇಳಿರಲಿಲ್ಲ. ಫೋನನ್ನು ನನ್ನ ಕಡೆಗೆ ಎಳೆದುಕೊಂಡೆ.

"ಸುಮ್ನೆ ಕೂತಿದ್ರಂತೆ! ಕೇಳು ಪುಟ್ಟ, ಇವರು ಇಲ್ಲದಿದ್ರೆ ನಿನಗೆ ಹದಿನಾಲ್ಕೂ ಸಿಗ್ತಿರಲಿಲ್ಲ, ಹತ್ತೊಂಬತ್ತೂ ಸಿಗ್ತಿರಲಿಲ್ಲ. ನನ್ನ ಒಂದೊಂದು ಮಾತು ಎಲ್ಲಿ ಹೋಯ್ತು ಅಂತ ಹುಡುಕಿ ತಂದುಕೊಟ್ಟವರು ಇವರು. ನಾನು ಇವರಿಗೆ ಬಾಯಿಗೆ ಬಂದ ಹಾಗೆ ಬೈದೆ. ತಪ್ಪು ನಂದು. ಅತ್ತೆ, ಕೇಳಿಸ್ತಾ? ತಪ್ಪು ನಂದು."

ಆ ಕಡೆ ಹುಡುಗಿ ಹೂಂ ಎಂದಳು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಪಾಪ, ಆ ಮಗು ಬಿಸಿಲಲ್ಲಿ ಮೆಟ್ಟಿಲ ಮೇಲೆ ನಿಂತಿದೆ" ಎಂದರು. "ಊಟ ಆಯ್ತಾ ಅಂತ ಮೊದಲು ಕೇಳು."